ಹಳ್ಳದ ಮೀನು, ದಂಡದ ಚೀಟಿ

ಮುಂಗಾರಿನ ಮೊದಲ ದೊಡ್ಡ ಮಳೆ ಸುರಿದ ರಾತ್ರಿ ಹಳ್ಳದ ಮೀನು ಗದ್ದೆಗೆ ಹತ್ತುತ್ತದೆ. ಬದುವಿನ ಕಂಡಿಗೆ ಕೂಣಿ ಇಟ್ಟು ಕಾಯುವುದು ಆಲ್ದೂರು ಸೀಮೆಯವರಿಗೆ ಯಾರೂ ಶಾಲೆಯಲ್ಲಿ ಕಲಿಸಿದ ವಿದ್ಯೆಯಲ್ಲ. ತೋಟದ ಲೈನಿನಲ್ಲಿರುವ ಕೂಲಿಗೆ ಆ ವಾರ ಕಾಸಿಲ್ಲದೆ ಸಿಗುವ ಸಾರಿನ ಪದಾರ್ಥ ಅದೊಂದೇ. ರಜೆಯ ದಿನ ಗಾಳ ಹಿಡಿದು ಹೊರಡುವ ಕ್ಯೂರಿಂಗ್ ವರ್ಕ್ಸಿನ ಕೆಲಸಗಾರನೂ ಇದೇ ಜಾತಿಗೆ ಸೇರಿದವನು. ಇಂಥವನ ಎದುರು ಅಧಿಕಾರಿಯೊಬ್ಬ ನಿಂತು "ಲೈಸೆನ್ಸ್ ಎಲ್ಲಿ?" ಎಂದರೆ ಅವನೇನು ಮಾಡಬೇಕು? ಕೈಮುಗಿಯುವುದು, ಜೇಬಿನಲ್ಲಿದ್ದಷ್ಟು ಕೊಡುವುದು, ಕೂಣಿಯನ್ನೂ ಮೀನನ್ನೂ ಬಿಟ್ಟು ಮನೆಗೆ ಬರುವುದು ಬಡವನಿಗೆ ರೂಢಿಯಾಗಿದೆ. ಹಾಗೆ ಮಾಡಬೇಡಿ, ಕೋರ್ಟಿಗೆ ಹೋಗಿ ಎಂಬುದೇ ನಮ್ಮ ಮಾತು.

ಕಾನೂನು ಇಲ್ಲವೆಂದು ನಾವು ಹೇಳುತ್ತಿಲ್ಲ. 1901ರಲ್ಲಿಯೇ ಮೈಸೂರು ಸರ್ಕಾರ ಬೇಟೆ ಮತ್ತು ಮೀನು ರಕ್ಷಣೆಗೆಂದು ರೆಗ್ಯುಲೇಷನ್ ಮಾಡಿತ್ತು. ಈಗ ಇರುವುದು ಕರ್ನಾಟಕ ಒಳನಾಡು ಮೀನುಗಾರಿಕೆಯ 1996ರ ಅಧಿನಿಯಮ. ಮೊಟ್ಟೆ ಹೊತ್ತ ಮೀನನ್ನು ಉಳಿಸಬೇಕೆಂಬ ವಾದದಲ್ಲಿ ಹುರುಳಿದೆ. ತೋಟೆ ಸಿಡಿಸಿ, ವಿಷ ಕದಡಿ ಮರಿಯನ್ನೂ ಬಿಡದೆ ಕೊಲ್ಲುವವನ ಪರವಾಗಿ ಈ ಪತ್ರಿಕೆ ಒಂದು ಅಕ್ಷರವನ್ನೂ ಬರೆಯುವುದಿಲ್ಲ. ಭದ್ರಾ ಅಭಯಾರಣ್ಯದ ಗಡಿಯೊಳಗೆ 1972ರ ವನ್ಯಜೀವಿ ಕಾಯ್ದೆ ನಡೆಯುತ್ತದೆ. ಅಲ್ಲಿಗೆ ಗಾಳ ಒಯ್ದು ಆಮೇಲೆ ನಮ್ಮ ಬಳಿ ಬರಬೇಡಿ.

ಆದರೆ ಎಲ್ಲ ನೀರೂ ಒಂದೇ ನೀರಲ್ಲ. ದೊಡ್ಡ ಕೆರೆಯ ಮೀನನ್ನು ಇಲಾಖೆ ಗುತ್ತಿಗೆಗೆ ಕೊಡುತ್ತದೆ, ಸಣ್ಣ ಕೆರೆಯದನ್ನು ಗ್ರಾಮ ಪಂಚಾಯ್ತಿ ಕೊಡುತ್ತದೆ. ಗದ್ದೆಯ ಕಂಡಿ ಯಾರದು? ತೋಟದ ನಡುವೆ ಹರಿಯುವ ತೊರೆ ಯಾರದು? ನೀನು ನಿಂತಿದ್ದ ಜಾಗಕ್ಕೆ ಲೈಸೆನ್ಸ್ ಬೇಕೆಂದು ಯಾವ ನಿಯಮ, ಯಾವ ಪ್ರಕಟಣೆ ಹೇಳುತ್ತದೆ? ಚೀಟಿ ಬರೆದವನು ಇದಕ್ಕೆ ಉತ್ತರ ಕೊಡತಕ್ಕದ್ದು. ಮ್ಯಾಜಿಸ್ಟ್ರೇಟರು ಆಪಾದನೆಯನ್ನು ವಿವರಿಸಿ, ತಪ್ಪು ಒಪ್ಪುತ್ತೀಯೋ ಎಂದು ಕೇಳುತ್ತಾರೆ. "ಇಲ್ಲ" ಎಂದ ಕೂಡಲೆ ರುಜುವಾತಿನ ಹೊರೆ ಸರ್ಕಾರದ ಹೆಗಲಿಗೆ ಹೋಗುತ್ತದೆ. ಒಂದು ಮಾತು ಮಾತ್ರ ನೆನಪಿರಲಿ: ಲೈಸೆನ್ಸ್ ಬೇಕಾದ ನೀರೆಂದು ಅವರು ತೋರಿಸಿಕೊಟ್ಟರೆ, ಲೈಸೆನ್ಸ್ ಇತ್ತೆಂದು ತೋರಿಸಬೇಕಾದವರು ನಾವೇ, ರೈಲಿನ ಟಿಕೆಟ್ಟಿನ ಹಾಗೆ. ಆದುದರಿಂದ ಹೋರಾಟವೆಲ್ಲ ಮೊದಲ ಪ್ರಶ್ನೆಯ ಮೇಲೆ. ಬರಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ, ಜಪ್ತಿ ಮಾಡಿದ ಸಾಮಾನಿಗೆ ಮಹಜರು ಕೇಳಿ, ರಸೀತಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ತಕ್ಕಡಿಯ ತಪಾಸಣೆಗೆ ಬಂದವರಿಗೆ ಕೊಟ್ಟು ಕಳಿಸುವ ಅಂಗಡಿಯ ಮಿತ್ರರಿಗೂ ಈ ಕೊನೆಯ ಮಾತು ಅನ್ವಯಿಸುತ್ತದೆ.

ಇಲ್ಲಿ ಇನ್ನೊಂದು ಲೆಕ್ಕವನ್ನೂ ತೆಗೆಯಬೇಕು. ಹಳ್ಳದ ಮೀನನ್ನು ಮುಗಿಸುತ್ತಿರುವುದು ಕೂಣಿಯೇ? ಅರೇಬಿಕಾ ಹಣ್ಣಿನ ಕುಯ್ಲು ಶುರುವಾದರೆ ಪಲ್ಪರ್‌ಗಳು ತಿರುಗುತ್ತವೆ. ಹಣ್ಣಿನ ಲೋಳೆ ತೊಳೆದ ನೀರು ಹುಳಿ ನೀರು; ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಕೊಳೆತು ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ, ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ. ಅದೂ ಬೇಸಗೆಯತ್ತ ಹಳ್ಳ ಬತ್ತುತ್ತಿರುವ ತಿಂಗಳುಗಳಲ್ಲಿ. ಹೊಂಡ ತೋಡಿ, ಸುಣ್ಣ ಹಾಕಿ, ನೀರನ್ನು ಶುದ್ಧಿ ಮಾಡುವ ತೋಟದವರೂ ಇದ್ದಾರೆ, ಅವರಿಗೆ ನಮಸ್ಕಾರ. ಹೊಳೆಗೆ ಹೊಲಸು ಬಿಡಕೂಡದೆಂದು 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಕೂಣಿಯನ್ನು ಜಪ್ತಿ ಮಾಡುವ ಕೈ ಪಲ್ಪರಿನ ಕೊಳವೆಯನ್ನು ಜಪ್ತಿ ಮಾಡುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಕುದುರೆಮುಖದ ಅದಿರಿನ ಕೆಂಪು ಮಣ್ಣು ಭದ್ರೆಗೆ ಇಳಿಯುತ್ತಿದ್ದಾಗಲೂ, 2002ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿ 2005ರ ಕೊನೆಗೆ ಗಣಿ ನಿಲ್ಲುವವರೆಗೆ ಕಾಯಬೇಕಾಯಿತು. ಅದೂ ಸರ್ಕಾರದ್ದೇ ಕಂಪನಿ!

ಅದೇ ಸುಪ್ರೀಂ ಕೋರ್ಟು 1996ರಲ್ಲಿ ಹಿಮಾಚಲದ ಬಿಯಾಸ್ ನದಿಯ ಕೇಸಿನಲ್ಲಿ ಇನ್ನೊಂದು ದೊಡ್ಡ ಮಾತು ಹೇಳಿತು. ನದಿದಂಡೆಯ ಅರಣ್ಯ ಭೂಮಿಯನ್ನು ಮೋಟೆಲ್ ಕಂಪನಿಯೊಂದಕ್ಕೆ ಕೊಟ್ಟಿದ್ದ ಗುತ್ತಿಗೆಯನ್ನು ರದ್ದು ಮಾಡಿ, ನದಿಯಂಥ ಪ್ರಕೃತಿಯ ಸಂಪತ್ತಿಗೆ ಸರ್ಕಾರ ಬರೀ ಧರ್ಮದರ್ಶಿ ಎಂದು ತೀರ್ಪು ಕೊಟ್ಟಿತು. ಧರ್ಮದರ್ಶಿಯಾದವನು ಊಟಕ್ಕೆ ಬಂದವನನ್ನು ಹೊರಗೆ ನಿಲ್ಲಿಸಿ ಉಗ್ರಾಣದ ಬೀಗವನ್ನು ಗುತ್ತಿಗೆದಾರನಿಗೆ ಕೊಡಬಹುದೇ? ಲೈಸೆನ್ಸ್ ಬೇಕೇ ಬೇಕು ಎನ್ನುವುದಾದರೆ ಮನೆಯ ಸಾರಿಗೆ ಕೂಣಿ, ಗಾಳ ಹಾಕುವವನಿಗೆ ಪಂಚಾಯ್ತಿಯಲ್ಲಿಯೇ ಹೆಸರಿಗಷ್ಟು ಶುಲ್ಕಕ್ಕೆ ಅದು ಸಿಗಲಿ, ಬಲೆ ಹಾಕಿ ಲಾರಿ ತುಂಬುವವನಿಗೆ ಬೇರೆ ದರವಿರಲಿ.

ಒಂದು ಸೇರು ಮೀನಿಗೆ ಕೋರ್ಟೇ ಎಂದು ನಗುವವರಿದ್ದಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಕೊಳಗದ ಅಳತೆಯಿಂದ. ಅಷ್ಟು ಸಣ್ಣ ಮಾತಿಗೆ ಜೈಲೇ ಎಂದು ಆಗಲೂ ನಕ್ಕರು. ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೆ ಒಳಗಾದ ಮೇಲೆ ನಗುವವರು ಕಡಿಮೆಯಾದರು.

ನಿಜವಾದ ತೊಡಕು ಕೂಲಿ. ವಾಯಿದೆಗೆ ಚಿಕ್ಕಮಗಳೂರಿಗೆ ಹೋದರೆ ದಿನದ ಸಂಬಳ ಹೋಯಿತು, ಬಸ್ಸಿನ ಖರ್ಚು ಬೇರೆ; ದಂಡವೇ ಅಗ್ಗ ಎನಿಸುತ್ತದೆ. ಆದರೆ ವಕೀಲರಿಗೆ ಹಣ ಕೊಡಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ವರಮಾನದವರಿಗೆ, ಕೈಗಾರಿಕಾ ಕಾರ್ಮಿಕರಿಗೂ ಧರ್ಮಾರ್ಥ ವಕೀಲರು ಸಿಗುತ್ತಾರೆ. ತಾಲ್ಲೂಕು ಸಮಿತಿಗೆ ಅರ್ಜಿ ಕೊಟ್ಟರೆ ಆಯಿತು. ಬರೆಯಲು ಬಾರದವರು ಚೀಟಿಯನ್ನು ಹರಿಯದೆ ನಮ್ಮ ಕಚೇರಿಗೆ ತನ್ನಿ. ಅರ್ಜಿ ನಾವು ಬರೆದುಕೊಡುತ್ತೇವೆ. ವಾಯಿದೆಯ ದಿನ ಒಬ್ಬರು ಜೊತೆಗೂ ಬರುತ್ತೇವೆ.