ಬರಿದಾಗುತ್ತಿರುವ ಬೆಟ್ಟದ ಊರುಗಳು

ಊರೆಂಬುದು ಬೆಳೆಯತಕ್ಕದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಜನಸಂಖ್ಯೆಯ ಹೆಚ್ಚಳವೇ ದೇಶದ ದೊಡ್ಡ ಪಿಡುಗೆಂದು ಶಾಲೆಯ ಪ್ರಬಂಧಗಳಲ್ಲಿ ಬರೆದು ಬೆಳೆದವರು ನಾವು. ಜನ ಕಡಿಮೆಯಾಗುವುದೂ ಒಂದು ಕಷ್ಟವಾಗಬಲ್ಲುದೆಂಬ ಆಲೋಚನೆಗೆ ನಮ್ಮ ಮನಸ್ಸು ಇನ್ನೂ ಒಗ್ಗಿಲ್ಲ. ಆದುದರಿಂದಲೇ ೨೦೧೧ರ ಜನಗಣತಿಯ ಒಂದು ಅಂಕಿ ಬಹುಮಂದಿಯ ಕಣ್ಣಿಗೆ ಬೀಳದೆ ಹೋಯಿತು. ೨೦೦೧ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದ ಜನ ೧೧,೪೦,೯೦೫. ಹತ್ತು ವರ್ಷಗಳ ತರುವಾಯ ಎಣಿಸಿದಾಗ ೧೧,೩೭,೯೬೧. ಅಂದರೆ ಜಿಲ್ಲೆ ಬೆಳೆಯಲಿಲ್ಲ. ಸುಮಾರು ಮೂರು ಸಾವಿರದಷ್ಟು ಕುಗ್ಗಿತು. ಕೊಡಗು ಶೇಕಡ ಒಂದರಷ್ಟು ಮಾತ್ರ ಬೆಳೆಯಿತು. ಇದೇ ಅವಧಿಯಲ್ಲಿ ಬೆಂಗಳೂರು ನಗರ ಜಿಲ್ಲೆ ೬೫ ಲಕ್ಷದಿಂದ ೯೬ ಲಕ್ಷಕ್ಕೆ, ಎಂದರೆ ಶೇಕಡ ೪೭ರಷ್ಟು ಏರಿತು.

ಮೂರು ಸಾವಿರ ಜನ ಏನು ಮಹಾ ಎಂದು ಕೇಳಬಹುದು. ಆದರೆ ಲೆಕ್ಕವನ್ನು ಇನ್ನೊಂದು ಬಗೆಯಲ್ಲಿ ನೋಡಬೇಕು. ಆ ದಶಕದಲ್ಲಿ ಕರ್ನಾಟಕದ ಒಟ್ಟು ಬೆಳವಣಿಗೆ ಶೇಕಡ ೧೫.೬. ಚಿಕ್ಕಮಗಳೂರು ರಾಜ್ಯದ ಸರಾಸರಿಯಂತೆ ಬೆಳೆದಿದ್ದರೆ ಅಲ್ಲಿ ಸುಮಾರು ೧ ಲಕ್ಷ ೭೮ ಸಾವಿರ ಜನ ಹೆಚ್ಚಬೇಕಾಗಿತ್ತು. ಅವರಲ್ಲಿ ಕೆಲವರು ಹುಟ್ಟಲೇ ಇಲ್ಲ, ಉಳಿದವರು ಹೊರಟುಹೋದರು. ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಬೀದಿಗಳಲ್ಲಿ ನಡೆದಾಡುವ ನನ್ನಂಥವನಿಗೆ ಹೊರಟುಹೋದವರ ವಿಳಾಸ ತೀರ ಅಪರಿಚಿತವಲ್ಲ. ಬಾಡಿಗೆ ಮನೆಯ ಅಂಗಳದಲ್ಲಿ ಮಲೆನಾಡಿನ ಮಾತಿನ ಧಾಟಿ ಕೇಳುತ್ತದೆ. ಸಾಲು ರಜೆ ಬಂತೆಂದರೆ ತುಮಕೂರು ರಸ್ತೆಯ ಕಡೆ ಹೊರಡುವ ರಾತ್ರಿಯ ಬಸ್ಸುಗಳಲ್ಲಿ ಕಾಲಿಡಲು ಎಡೆಯಿಲ್ಲ. ಬಡಾವಣೆಯ ಬಾಡಿಗೆ ಏರಿದ ಕಥೆಯನ್ನು ನಾವು ದಿನವೂ ಓದುತ್ತೇವೆ. ಆ ಕಥೆಯ ಇನ್ನೊಂದು ತುದಿಯಲ್ಲಿ ಬೀಗ ಬಿದ್ದ ಮನೆಯನ್ನು ಕಂಡು ಬರೆದವರು ಕಡಿಮೆ.

ಈ ಬೀಗದ ಕಥೆಯನ್ನು ನಮಗಿಂತ ಮೊದಲೇ ಕಂಡವರು ಜಪಾನಿನ ಬೆಟ್ಟದ ಊರುಗಳವರು. ಆ ದೇಶದ ಮಹಾಯುದ್ಧೋತ್ತರ ಕೈಗಾರಿಕೆಯ ಉಚ್ಛ್ರಾಯ ಹಳ್ಳಿಯ ತರುಣರನ್ನು ಟೋಕಿಯೋ, ಒಸಾಕಾಗಳಿಗೆ ಸೆಳೆದುಕೊಂಡಿತು. ಜನವಿರಳ ಪ್ರದೇಶಗಳ ನೆರವಿಗಾಗಿಯೇ ೧೯೭೦ರಲ್ಲಿ ಅಲ್ಲಿ ಒಂದು ಕಾನೂನು ಬಂತು; ಹತ್ತು ವರ್ಷಕ್ಕೆಂದು ಮಾಡಿದ ಆ ಏರ್ಪಾಟು ಮತ್ತೆ ಮತ್ತೆ ಹೊಸರೂಪ ತಾಳಿ ಇಂದಿಗೂ ಉಳಿದುಬಂದಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಅರುವತ್ತೈದು ದಾಟಿದವರಾಗಿ, ಹಳ್ಳಿಯ ಸಾಮೂಹಿಕ ಕೆಲಸ ನಡೆಸಲು ಕೈಗಳೇ ಸಾಲದ ಊರಿಗೆ ಅಕಿರಾ ಓನೋ ಎಂಬ ಸಮಾಜಶಾಸ್ತ್ರಜ್ಞರು 'ಅಂಚಿನ ಹಳ್ಳಿ' ಎಂಬರ್ಥದ ಹೆಸರಿಟ್ಟರು. ೨೦೧೪ರಲ್ಲಿ ಹಿರೊಯಾ ಮಸುದಾ ಅವರ ನೇತೃತ್ವದ ಮಂಡಲಿಯ ವರದಿಯೊಂದು, ದೇಶದ ೮೯೬ ಸ್ಥಳೀಯ ಆಡಳಿತಗಳು ೨೦೪೦ರ ಹೊತ್ತಿಗೆ ಅಳಿವಿನ ಅಪಾಯದಲ್ಲಿರುವುವೆಂದು ಎಚ್ಚರಿಸಿತು. ೨೦೨೩ರ ಸಮೀಕ್ಷೆಯಲ್ಲಿ ಆ ದೇಶದ ಖಾಲಿ ಮನೆಗಳ ಸಂಖ್ಯೆ ಸುಮಾರು ೯೦ ಲಕ್ಷ.

ಆದರೆ ಅಲ್ಲಿಯ ಎಲ್ಲ ಊರುಗಳೂ ಕೈಕಟ್ಟಿ ಕುಳಿತವೆಂದು ತಿಳಿಯಬಾರದು. ಶಿಕೊಕು ದ್ವೀಪದ ಕಮಿಕಾತ್ಸು ಎಂಬ ಬೆಟ್ಟದ ಊರನ್ನು ನೋಡಿ. ೧೯೫೦ರ ದಶಕದಲ್ಲಿ ಅಲ್ಲಿ ಆರು ಸಾವಿರಕ್ಕೂ ಮೀರಿ ಜನರಿದ್ದರು. ಈಗ ಒಂದೂವರೆ ಸಾವಿರವೂ ಇಲ್ಲ. ೧೯೮೧ರ ಕಡುಚಳಿಗೆ ಅಲ್ಲಿಯ ಕಿತ್ತಳೆ ತೋಟಗಳು ಸುಟ್ಟುಹೋದವು. ಆಗ ಕೃಷಿ ಸಹಕಾರ ಸಂಘದಲ್ಲಿದ್ದ ತೊಮೊಜಿ ಯೊಕೊಇಶಿ ಎಂಬ ತರುಣ ನೌಕರರು ಒಂದು ವಿಚಿತ್ರ ಸಲಹೆ ಕೊಟ್ಟರು: ದೊಡ್ಡ ಊಟದ ಮನೆಗಳಲ್ಲಿ ತಟ್ಟೆಯ ಅಲಂಕಾರಕ್ಕೆ ಇಡುವ ಎಲೆ, ಚಿಗುರು, ಹೂಗಳನ್ನು ನಮ್ಮ ಬೆಟ್ಟದಿಂದಲೇ ಆರಿಸಿ ಮಾರೋಣ. ೧೯೮೬ರಲ್ಲಿ ತೊಡಗಿದ ಆ ವ್ಯಾಪಾರವನ್ನು ಹೊತ್ತು ನಡೆಸಿದವರು ಹೆಚ್ಚಾಗಿ ಮುದುಕಿಯರು. ಎಲೆ ಹಗುರ, ಬೆನ್ನು ಬಾಗಿದವರೂ ಎತ್ತಬಲ್ಲರು; ಯಾವ ಮರದಲ್ಲಿ ಯಾವಾಗ ಚಿಗುರೊಡೆಯುವುದೆಂಬುದನ್ನು ಅವರಿಗಿಂತ ಬಲ್ಲವರಿಲ್ಲ. ಇಷ್ಟಾದರೂ ಊರಿನ ಜನಸಂಖ್ಯೆ ಇಳಿಯುವುದು ನಿಲ್ಲಲಿಲ್ಲ ಎಂಬುದನ್ನೂ ಹೇಳಲೇಬೇಕು. ಉಳಿದವರ ಬಾಳು ಹಸನಾಯಿತು, ಹೋದವರು ಹಿಂದಿರುಗಲಿಲ್ಲ. ಒಂದು ಊರಿನ ಗೆಲವನ್ನು ಅಳೆಯುವಾಗ ಈ ಎರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡುವುದು ಲೇಸು.

ಈಗ ನಮ್ಮ ಬೆಟ್ಟಕ್ಕೆ ಬರೋಣ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕು ಕೇಂದ್ರವೇನೋ ಹೌದು. ಆದರೆ ಅದು ಚಿಕ್ಕ ಊರು. ಸುತ್ತಲಿನ ಹಳ್ಳಿಗಳು ಬಯಲುಸೀಮೆಯ ಹಳ್ಳಿಗಳಂತೆ ಒತ್ತೊತ್ತಾಗಿ ಕಟ್ಟಿಕೊಂಡವಲ್ಲ. ಗುಡ್ಡದ ಈ ಮಗ್ಗುಲಲ್ಲಿ ಒಂದು ಮನೆ, ಹಳ್ಳ ದಾಟಿ ಆ ಮಗ್ಗುಲಲ್ಲಿ ಇನ್ನೊಂದು. ನಡುವೆ ಅಡಕೆಯ ತೋಟ, ಸೊಪ್ಪಿನಬೆಟ್ಟ, ಗದ್ದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನೆರೆಮನೆಯೂ ಪರವೂರು. ಇಂಥ ಸೀಮೆಯಲ್ಲಿ ಒಬ್ಬನ ತೋಟ ಉಳಿಯಬೇಕಾದರೆ ಹಲವರ ಕೈ ಬೇಕು. ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕು. ಮಳೆಯ ನಡುವೆ ಬಿಡುವು ನೋಡಿ ಮತ್ತೊಮ್ಮೆ ಹೊಡೆಯಬೇಕು. ಕೊಯ್ಲಿಗೆ ಜಾರುವ ಮರವನ್ನೇರುವ ಕೊನೆಗಾರ ಬೇಕು. ಸುಲಿಯಲು, ಬೇಯಿಸಲು, ಒಣಗಿಸಲು ಮನೆಮಂದಿಯಲ್ಲದೆ ನೆರೆಯವರೂ ಬೇಕು. ಕೊನೆಗಾರ ಒಂದು ವಾರ ತಡವಾಗಿ ಬಂದರೆ ಕಾಯಿ ಹಣ್ಣಾಗಿ ಉದುರುತ್ತದೆ, ಅಡಕೆಯ ಜಾತಿಯೇ ಬೇರೆಯಾಗುತ್ತದೆ, ಬೆಲೆ ಇಳಿಯುತ್ತದೆ. ಹತ್ತು ಮನೆಗಳಲ್ಲಿ ಮೂರಕ್ಕೆ ಬೀಗ ಬಿದ್ದರೆ ಉಳಿದ ಏಳು ಮನೆಗಳ ಕೆಲಸವೂ ಕುಂಟುತ್ತದೆ. ಜಪಾನಿನ ಪಂಡಿತರು 'ಅಂಚಿನ ಹಳ್ಳಿ' ಎಂದುದರ ಅರ್ಥ ಇದೇ.

ಜನ ಹೊರಟುದಕ್ಕೆ ಒಂದೇ ಕಾರಣ ಹುಡುಕುವುದು ಸರಿಯಲ್ಲ. ಶೃಂಗೇರಿ, ಕೊಪ್ಪ ಸೀಮೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತ ಬಂದಿದೆ; ಅದರ ಮೇಲೆ ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ. ೨೦೦೦ದ ಆಸುಪಾಸಿನಲ್ಲಿ ಜಾಗತಿಕ ಮಾರುಕಟ್ಟೆಯಲ್ಲಿ ಕಾಫಿಯ ಬೆಲೆ ಕುಸಿದಾಗ ತೋಟಗಳ ಕೂಲಿಯೂ ಕುಸಿಯಿತು. ಕುದುರೆಮುಖದ ಕಬ್ಬಿಣದ ಗಣಿ ೨೦೦೫ರ ಕೊನೆಯಲ್ಲಿ ನಿಂತಿತು. ಕಾಡಿನ ದೃಷ್ಟಿಯಿಂದ ಅದು ನಿಲ್ಲಬೇಕಾದುದೇ, ಆದರೆ ಗಣಿಗಾಗಿ ಎದ್ದ ಊರು ಅದರೊಡನೆ ಬರಿದಾಯಿತು. ಇವೆಲ್ಲಕ್ಕಿಂತ ಮೆಲ್ಲನೆ ಕೆಲಸ ಮಾಡಿದ ಕಾರಣ ವಿದ್ಯೆ. ಮಲೆನಾಡಿನ ಮಕ್ಕಳು ಓದಿದರು. ಓದಿದ್ದಕ್ಕೆ ತಕ್ಕ ಕೆಲಸ ತೋಟದಲ್ಲಿರಲಿಲ್ಲ. ಮಗ ಓದಿ ದೊಡ್ಡವನಾಗಲಿ ಎಂದು ಹರಸಿದ ತಂದೆಯೇ, ಅವನು ದೊಡ್ಡವನಾದ ಮೇಲೆ, ತೋಟ ನೋಡುವವರಿಲ್ಲವೆಂದು ನಿಟ್ಟುಸಿರಿಡುತ್ತಾನೆ. ಇದರಲ್ಲಿ ತಪ್ಪು ಯಾರದೆಂದು ಹೇಳುವುದು ಕಷ್ಟ.

ಆದರೆ ಹೋಗುವುದು ಬೇರೆ, ಇರಲಾಗದಂತೆ ಆಗುವುದು ಬೇರೆ. ಈ ವ್ಯತ್ಯಾಸವನ್ನು ಅರಿಯಲು ಕೊಪ್ಪದ ಸಹಕಾರ ಸಾರಿಗೆಯ ಕಥೆಯೊಂದು ಸಾಕು. ಅಲ್ಲಿ ಬಸ್ಸು ಓಡಿಸುತ್ತಿದ್ದ ಖಾಸಗಿ ಕಂಪನಿಯೊಂದು ಕಾರ್ಮಿಕ ವಿವಾದದಲ್ಲಿ ಸಿಲುಕಿ ನಿಂತಾಗ, ಕೆಲಸ ಕಳೆದುಕೊಂಡ ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು ತಾವೇ ಸಹಕಾರ ಸಂಘ ಕಟ್ಟಿಕೊಂಡು ೧೯೯೧ರಲ್ಲಿ ಬೆರಳೆಣಿಕೆಯ ಬಸ್ಸುಗಳನ್ನು ರಸ್ತೆಗಿಳಿಸಿದರು. ದುಡಿಯುವವರೇ ಒಡೆಯರಾದ ಆ ಸಂಸ್ಥೆ ಬರಬರುತ್ತ ಹತ್ತಾರು ಬಸ್ಸುಗಳಿಗೆ ಬೆಳೆದು, ಮಲೆನಾಡಿನಿಂದ ಕರಾವಳಿಯವರೆಗೆ ಓಡಿತು. ಬೇರೆಯವರು ಲಾಭವಿಲ್ಲವೆಂದು ಬಿಟ್ಟ ಹಳ್ಳಿಗಳ ದಾರಿಯನ್ನೂ ಹಿಡಿಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸು ಕೊಟ್ಟಿತು. ಸಹಕಾರ ತತ್ತ್ವವನ್ನು ಭಾಷಣಗಳಲ್ಲಿ ಕೊಂಡಾಡುವವರು ಬಹಳ. ಬೆಟ್ಟದ ತಿರುವಿನಲ್ಲಿ ಅದನ್ನು ಮೂರು ದಶಕದ ಹತ್ತಿರ ನಡೆಸಿ ತೋರಿಸಿದವರು ಇವರು. ಡೀಸೆಲಿನ ಬೆಲೆ, ತೆರಿಗೆ, ವಿಮೆ, ಬಿಡಿಭಾಗಗಳ ವೆಚ್ಚ ಏರುತ್ತ ಹೋಗಿ, ೨೦೨೦ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಬಸ್ಸು ನಿಂತ ದಾರಿಯಲ್ಲಿ ಬೈಕು ಕಾರುಗಳುಳ್ಳವರು ಹೇಗೋ ಸಾಗುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿ, ಆಸ್ಪತ್ರೆಗೆ ಹೋಗುವ ಮುದುಕ, ಇವರು ಏನು ಮಾಡಬೇಕು? ಪೇಟೆಯಲ್ಲೊಂದು ಕೋಣೆ ಹಿಡಿಯಬೇಕು, ಇಲ್ಲವೆ ಮನೆಯಲ್ಲೇ ಉಳಿಯಬೇಕು. ಪೇಟೆಗೆ ಹೋದ ಹುಡುಗಿಯ ಹಿಂದೆ ತಾಯಿಯೂ ಹೋಗುತ್ತಾಳೆ. ಮನೆಗೆ ಬೀಗ ಬೀಳುವುದು ಹೀಗೆ.

ಇದಕ್ಕೆ ಹೊಂದುವ ಇನ್ನೊಂದು ಸಂಗತಿ ಇದೆ. ೨೦೨೩ರ ಜೂನ್ ೧೧ರಂದು ರಾಜ್ಯದಲ್ಲಿ ಮಹಿಳೆಯರಿಗೆ ಸರಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂತು. ವಿಜಯನಗರದ ಹೆಣ್ಣುಮಗಳು ಮನೆಯ ಮುಂದಿನ ರಸ್ತೆಯಲ್ಲೇ ಆ ಬಸ್ಸನ್ನು ಹತ್ತಬಲ್ಲಳು. ಮಲೆನಾಡಿನ ಅನೇಕ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರ. ಅಲ್ಲಿಯ ಹೆಣ್ಣುಮಗಳು ಟಿಕೆಟ್ಟಿನ ಹಣ ತೆರಲೇಬೇಕು. ಯೋಜನೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಸೌಕರ್ಯ ಮೊದಲೇ ಇದ್ದಲ್ಲಿ ಮತ್ತಷ್ಟು ಸೌಕರ್ಯ ಬಂದು ಸೇರುತ್ತದೆ, ಇಲ್ಲದಲ್ಲಿ ಇಲ್ಲದಂತೆಯೇ ಉಳಿಯುತ್ತದೆ ಎಂಬುದಷ್ಟೇ ನನ್ನ ಮಾತು. ೨೦೨೦ರಲ್ಲಿ ಕೋವಿಡ್ ಬಂದು ನಗರಗಳು ಮುಚ್ಚಿದಾಗ ಬೆಂಗಳೂರಿನ ಮಲೆನಾಡಿಗರು ಗುಂಪುಗುಂಪಾಗಿ ಊರಿಗೆ ಮರಳಿದರು. ಬರಿದಾದ ಮನೆಗಳಲ್ಲಿ ದೀಪ ಉರಿಯಿತು. ಆದರೆ ದೂರವಾಣಿಯ ಸಂಕೇತ ಸಿಗಲೆಂದು ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ಗುಡ್ಡ ಹತ್ತಿ ಕುಳಿತು ಪಾಠ ಕೇಳಬೇಕಾಯಿತು. ಕಚೇರಿಗಳು ತೆರೆದ ಮೇಲೆ ಬಂದವರು ಬಂದ ದಾರಿಯಲ್ಲೇ ಹಿಂದಿರುಗಿದರು. ಊರಿಗೆ ಮರಳುವ ಮನಸ್ಸು ಇರಲಿಲ್ಲವೆಂದು ಅವರನ್ನು ದೂರುವಂತಿಲ್ಲ. ಅವರನ್ನು ಉಳಿಸಿಕೊಳ್ಳುವ ಸಾಧನ ಊರಿಗಿರಲಿಲ್ಲ.

ಜಪಾನಿಗೂ ನಮಗೂ ಒಂದು ದೊಡ್ಡ ವ್ಯತ್ಯಾಸವುಂಟು. ಅಲ್ಲಿಯ ಬೆಟ್ಟದ ಖಾಲಿ ಮನೆಯನ್ನು ಕೇಳುವವರಿಲ್ಲ. ಬಿಡಿಗಾಸಿಗೆ ಮಾರಿದರೂ ಕೊಳ್ಳುವವರು ವಿರಳ. ಇಲ್ಲಿ ಜನ ಹೋದ ಮೇಲೂ ನೆಲದ ಬೆಲೆ ಇಳಿಯುವುದಿಲ್ಲ. ಮನೆ ಹೋಂಸ್ಟೇ ಆಗುತ್ತದೆ, ತೋಟ ನಗರದ ಹಣವಂತನ ಕೈಸೇರುತ್ತದೆ, ಶನಿವಾರ ಭಾನುವಾರ ಘಾಟಿಯ ತುಂಬ ಕಾರುಗಳು. ತೋಟದ ಕೆಲಸಕ್ಕೆ ಅಸ್ಸಾಮಿನಿಂದ, ಜಾರ್ಖಂಡಿನಿಂದ ಆಳುಗಳು ಬರುತ್ತಾರೆ. ನೋಡಿದವರಿಗೆ ಊರು ಬರಿದಾದಂತೆ ತೋರುವುದೇ ಇಲ್ಲ. ಆದರೆ ಎರಡು ದಿನದ ಅತಿಥಿ ಶಾಲೆಗೆ ಮಗುವನ್ನು ಕಳಿಸುವುದಿಲ್ಲ, ಸಹಕಾರ ಸಂಘದ ಸಭೆಗೆ ಬರುವುದಿಲ್ಲ, ಪಂಚಾಯಿತಿಯಲ್ಲಿ ಮತ ಹಾಕುವುದಿಲ್ಲ. ದೂರದಿಂದ ಬಂದ ಕೂಲಿಯವನಿಗಂತೂ ಇಲ್ಲಿಯ ಪಡಿತರಕ್ಕೂ ಶಾಲೆಗೂ ಪರದಾಟ. ನಮ್ಮ ಬರಿದಾಗುವಿಕೆ ಜಪಾನಿನದಕ್ಕಿಂತ ಹೆಚ್ಚು ಮೋಸದ್ದು. ಅದು ಗದ್ದಲದ ಮರೆಯಲ್ಲಿ ನಡೆಯುತ್ತದೆ.

ಇದೆಲ್ಲವನ್ನೂ ಈಗ ಹೇಳಲು ಕಾರಣವಿದೆ. ೨೦೨೧ರಲ್ಲಿ ಆಗಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ; ೨೦೨೭ರ ಮಾರ್ಚ್ ೧ನ್ನು ಮುಂದಿನ ಗಣತಿಯ ಆಧಾರದಿನವೆಂದು ಪ್ರಕಟಿಸಲಾಗಿದೆ. ಗಣತಿಯ ಅಂಕಿ ಪುಸ್ತಕದಲ್ಲಿ ಉಳಿಯುವಂಥದಲ್ಲ. ೨೦೦೧ರ ಗಣತಿಯ ಆಧಾರದ ಮೇಲೆ ವಿಧಾನಸಭಾ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ, ೨೦೦೮ರ ಚುನಾವಣೆಯ ಹೊತ್ತಿಗೆ ಕೊಡಗಿನ ಮೂರು ಕ್ಷೇತ್ರಗಳು ಎರಡಾದವು, ಚಿಕ್ಕಮಗಳೂರಿನ ಆರು ಐದಾದವು. ಸೋಮವಾರಪೇಟೆ, ಬೀರೂರುಗಳ ಹೆಸರು ಪಟ್ಟಿಯಿಂದ ಅಳಿಸಿಹೋಯಿತು. ಬೆಂಗಳೂರು ೨೮ ಕ್ಷೇತ್ರಗಳ ನಗರವಾಯಿತು. ಮುಂದಿನ ವಿಂಗಡಣೆಗೂ ತಲೆಯೆಣಿಕೆಯೊಂದೇ ಆಧಾರವಾದರೆ ಬೆಟ್ಟದ ಧ್ವನಿ ಇನ್ನಷ್ಟು ಕ್ಷೀಣಿಸುವುದು ನಿಶ್ಚಯ. ಪ್ರತಿಯೊಬ್ಬನ ಮತಕ್ಕೂ ಸಮಾನ ತೂಕವಿರಬೇಕೆಂಬ ತತ್ತ್ವವನ್ನು ನಾನು ಅಲ್ಲಗಳೆಯಲಾರೆ. ಅದು ಪ್ರಜಾಪ್ರಭುತ್ವದ ಬುನಾದಿ. ಆದರೆ ಮತಕ್ಕೆ ಸರಿಯಾದ ಅಳತೆ ಬಸ್ಸಿಗೂ ಶಾಲೆಗೂ ಆಸ್ಪತ್ರೆಗೂ ಸರಿಯಾಗಬೇಕೆಂದಿಲ್ಲ. ಶಾಲೆಯಲ್ಲಿ ಮಕ್ಕಳು ಕಡಿಮೆಯೆಂದು ಮುಚ್ಚಿದರೆ, ಶಾಲೆಯಿಲ್ಲವೆಂದು ಮುಂದಿನ ವರ್ಷ ಮಕ್ಕಳು ಇನ್ನೂ ಕಡಿಮೆಯಾಗುತ್ತಾರೆ. ಹತ್ತು ಮಕ್ಕಳ ಶಾಲೆ ದುಬಾರಿ ಎನ್ನುವವರು, ನಗರಕ್ಕೆ ಬಂದು ಸೇರುವ ಪ್ರತಿಯೊಂದು ಸಂಸಾರಕ್ಕೂ ಕಾವೇರಿಯ ನೀರನ್ನು ಬೆಟ್ಟದಷ್ಟು ಎತ್ತರಕ್ಕೆ ಪಂಪು ಮಾಡಿ ತರುವ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ಹಾಗಾದರೆ ಮಾಡತಕ್ಕುದೇನು? ರಸ್ತೆ, ಕಾಲುಸಂಕಗಳಿಗೆ ಹಣ ಕೊಡಲು ನಮ್ಮಲ್ಲಿಯೂ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಕಾಲುಸಂಕದ ಬೆಲೆ ಮಳೆಗಾಲದ ಹಳ್ಳವನ್ನು ಕಂಡವರಿಗೆ ಗೊತ್ತು. ಆದರೆ ಜಪಾನಿನ ಅರ್ಧ ಶತಮಾನದ ಅನುಭವ ಹೇಳುವುದೇನೆಂದರೆ, ರಸ್ತೆಯೊಂದೇ ಜನರನ್ನು ಉಳಿಸಲಾರದು. ಬರುವ ದಾರಿಯೇ ಹೋಗುವ ದಾರಿಯೂ ಹೌದು. ಆ ರಸ್ತೆಯ ಮೇಲೆ ಹೊತ್ತಿಗೆ ಸರಿಯಾಗಿ ಓಡುವ ಬಸ್ಸು ಬೇಕು. ಖಾಸಗಿಯವರೂ ಸರಕಾರವೂ ಹಿಂಜರಿಯುವ ದಾರಿಗೆ ಸಹಕಾರ ಸಂಘವೊಂದು ಮುಂದಾದರೆ ಅದಕ್ಕೆ ಶಕ್ತಿ ಯೋಜನೆಯ ಹಣದಲ್ಲಿ ಪಾಲು ಸಿಗಬೇಕು. ೨೦೦೮ರಿಂದ ಜಪಾನಿನಲ್ಲಿ ನಗರವಾಸಿಯೊಬ್ಬ ತನ್ನ ತೆರಿಗೆಯ ಒಂದಂಶವನ್ನು ತಾನು ಆರಿಸಿದ ಊರಿಗೆ ಸಲ್ಲುವಂತೆ ಮಾಡಬಹುದು. ಆ ಹಣಕ್ಕಾಗಿ ಊರೂರುಗಳು ಪೈಪೋಟಿಯಿಂದ ಉಡುಗೊರೆ ಹಂಚಿ, ೨೦೧೯ರಲ್ಲಿ ಕಾನೂನಿನಿಂದ ಅದಕ್ಕೆ ಮಿತಿ ಹಾಕಬೇಕಾಯಿತು. ಆ ದೋಷವನ್ನು ಬಿಟ್ಟು ಗುಣವನ್ನು ನಾವೂ ಪರಿಶೀಲಿಸಬಹುದು. ೧೯೩೯ರಲ್ಲೇ ಮ್ಯಾಮ್‌ಕೋಸ್‌ನಂಥ ಅಡಕೆ ಮಾರಾಟ ಸಹಕಾರ ಸಂಘವನ್ನು ಕಟ್ಟಿದ ಸೀಮೆಗೆ ಕೂಡಿ ಬಾಳುವ ಪಾಠವನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಕೂಡಲು ಬೇಕಾದಷ್ಟು ಜನ ಅಲ್ಲಿ ಉಳಿದಿದ್ದರೆ ಸಾಕು.

ಗಣತಿದಾರ ಬೆಟ್ಟದ ಮನೆಗಳ ಬಾಗಿಲಿಗೆ ಬರುತ್ತಾನೆ. ಇದ್ದವರನ್ನು ಬರೆದುಕೊಳ್ಳುತ್ತಾನೆ, ಬೀಗವಿದ್ದಲ್ಲಿ ಬೀಗವನ್ನು ಬರೆದುಕೊಳ್ಳುತ್ತಾನೆ. ಅವನ ಕೆಲಸ ಅಲ್ಲಿಗೆ ಮುಗಿಯಿತು. ಆ ಬೀಗ ಯಾವ ಕಾರಣಕ್ಕೆ ಬಿತ್ತು, ಹೋದವರು ಇಷ್ಟಪಟ್ಟು ಹೋದರೆ ಅಥವಾ ಇರಲಾರದೆ ಹೋದರೆ ಎಂಬುದಕ್ಕೆ ಅವನ ಕಾಗದದಲ್ಲಿ ಅಂಕಣವಿಲ್ಲ. ಅದನ್ನು ಕೇಳಬೇಕಾದವರು, ಅಂಕಿಗಳು ಹೊರಬಿದ್ದ ಮೇಲೆ ಅವನ್ನು ಓದಲಿರುವ ನಾವು.