ಚಾಳೀಸು ಹಾಕಿದರೆ ಲಗ್ನ ಆಗುವುದಿಲ್ಲವೇ?

1994ರ ಮಾಘ ಮಾಸದಲ್ಲಿ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರು ಅಂಗಳದಲ್ಲಿ ಕಾಲು ತೊಳೆಯುತ್ತಿರುವಾಗಲೇ ನಮ್ಮ ದೊಡ್ಡಮ್ಮ ಅಡುಗೆಮನೆಗೆ ಬಂದು, ನನ್ನ ಮೂಗಿನ ಮೇಲಿದ್ದ ಚಾಳೀಸು ತೆಗೆದು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟರು. "ಅವರು ಹೋಗೋತನಕ ಅದನ್ನ ಮುಟ್ಟಬ್ಯಾಡ" ಎಂದು ಕಣ್ಣು ಕೆಕ್ಕರಿಸಿದರು. ಒಂಬತ್ತನೆಯ ಇಯತ್ತೆಯಿಂದ ಚಾಳೀಸು ಹಾಕಿಕೊಂಡವಳು ನಾನು. ಬಿ.ಎ., ಬಿ.ಎಡ್. ಎರಡನ್ನೂ ಆ ಗಾಜಿನಿಂದಲೇ ಓದಿದ್ದೆ. ಅದಿಲ್ಲದಿದ್ದರೆ ನಾಲ್ಕು ಮಾರು ದೂರದಲ್ಲಿ ನಿಂತವರ ಮುಖ ಮಸುಕು ಮಸುಕು. ಅವಲಕ್ಕಿಯ ತಾಟು ಹಿಡಿದು ಹೊರಗೆ ಬಂದೆ, ಹೊಸ್ತಿಲು ಎಡವಿದೆ, ಎರಡು ತಾಟಿನ ಅವಲಕ್ಕಿ ಜಮಖಾನೆಯ ಪಾಲಾಯಿತು. "ಹುಡುಗಿಗೆ ಭಾಳ ನಾಚಿಕಿ" ಎಂದು ಯಾರೋ ಹೊಗಳಿದರು. ಗೋಡೆಗೆ ಒರಗಿ ಕುಳಿತ ಮೂವರು ಗಂಡಸರಲ್ಲಿ ವರ ಯಾರೆಂದು ನನಗೆ ಗೊತ್ತಾಗಲೇ ಇಲ್ಲ. ನನ್ನ ಗಂಡನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಲಗ್ನವಾದ ಮೂರನೆಯ ದಿನ. ಎಡಗಲ್ಲದ ಮೇಲೆ ಅವರಿಗೊಂದು ಮಚ್ಚೆಯಿದೆ ಎಂದು ತಿಳಿದದ್ದು ಅಂದೇ.

ಈ ಕತೆ ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ. ನಾನೂ ನಗುತ್ತಲೇ ಬಂದೆ. ಆದರೆ ಇಷ್ಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದ ಮೇಲೆ, ಇದು ನಗುವ ಮಾತಲ್ಲ ಎಂದು ಖಾತ್ರಿಯಾಗಿದೆ. ಹೆಣ್ಣಿನ ಕಣ್ಣು ಇರುವುದು ಬೇರೆಯವರು ನೋಡಿ ಮೆಚ್ಚಲಿಕ್ಕೆ, ಅವಳು ಜಗತ್ತನ್ನು ನೋಡಲಿಕ್ಕಲ್ಲ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಬೇರೂರಿದೆ. ಅದನ್ನು ನೀರೆರೆದು ಬೆಳೆಸಿದವರು ಗಂಡಸರಷ್ಟೇ ಅಲ್ಲ. ದೊಡ್ಡಮ್ಮಂದಿರು, ಅವ್ವಂದಿರು, ಅತ್ತೆಯಂದಿರು, ನನ್ನಂಥ ಶಿಕ್ಷಕಿಯರು, ನಾವೇ.

ನನ್ನ ತಪ್ಪನ್ನೇ ಮೊದಲು ಹೇಳುತ್ತೇನೆ. 2003ರಲ್ಲಿ ಎಂಟನೆಯ ಇಯತ್ತೆಗೆ ಒಬ್ಬ ಹುಡುಗಿ ಇದ್ದಳು. ಬಾಯಿಪಾಠ ಅರಳು ಹುರಿದಂತೆ ಒಪ್ಪಿಸುತ್ತಿದ್ದಳು. ಹಲಗೆಯ ಮೇಲೆ ಬರೆದದ್ದನ್ನು ಇಳಿಸಿಕೊಳ್ಳಲು ಹೇಳಿದರೆ ಮಾತ್ರ ಎಲ್ಲಾ ತಪ್ಪು. 'ಮರ' ಇದ್ದಲ್ಲಿ 'ಮಠ', 3 ಇದ್ದಲ್ಲಿ 8. ಪಕ್ಕದವಳ ವಹಿ ಇಣುಕುತ್ತಾಳೆ ಎಂದು ಎರಡು ಸಲ ಎದ್ದು ನಿಲ್ಲಿಸಿದೆ. ಒಂದು ದಿನ ಕಿವಿಯನ್ನೂ ಹಿಂಡಿದೆ. ಅದಾದ ಎಷ್ಟೋ ದಿನಗಳ ಮೇಲೆ ಅವಳು ಕಣ್ಣು ಕಿರಿದು ಮಾಡಿ, ಹಣೆ ಗಂಟಿಕ್ಕಿ ಹಲಗೆ ನೋಡುವುದನ್ನು ಕಂಡೆ. ಅದು ನನ್ನದೇ ಹುಡುಗತನದ ಮುಖ. ನನ್ನ ಚಾಳೀಸು ತೆಗೆದು ಅವಳ ಮೂಗಿನ ಮೇಲೆ ಇಟ್ಟೆ. ನನ್ನ ನಂಬರು ಅವಳಿಗೆ ಸರಿಹೊಂದುವಂತಿರಲಿಲ್ಲ. ಆದರೂ ಅವಳು ಬಾಯಿ ತೆರೆದು, "ಅಕ್ಕಾರ, ಬೇವಿನ ಗಿಡದಾಗ ಎಲಿ ಬ್ಯಾರೆ ಬ್ಯಾರೆ ಕಾಣ್ತಾವ್ರೀ!" ಎಂದಳು. ಹದಿಮೂರು ವರ್ಷದ ಆ ಮಗು ಅದುವರೆಗೆ ಗಿಡವೆಂದರೆ ಒಂದು ಹಸಿರು ಮುದ್ದೆ ಎಂದುಕೊಂಡಿತ್ತು.

ಅವ್ವನನ್ನು ಕರೆಸಿದೆ. ಆಕೆ ಸೆರಗು ಬಾಯಿಗೆ ಹಿಡಿದುಕೊಂಡು ಹೇಳಿದ್ದಿಷ್ಟು: "ಚಾಳೀಸ ಹಾಕಿದ್ರ ನಾಳೆ ಯಾರು ಮಾಡ್ಕೋತಾರ್ರೀ ಅಕ್ಕಾರ? ಮುಂದಿನ ಬೆಂಚಿಗೆ ಕೂಡಸ್ರಿ, ಸಾಕು." ನಾನು ಕೂಡಿಸಿದೆ. ಎಲ್ಲರೂ ಅದನ್ನೇ ಮಾಡುತ್ತಾರೆ, ದೊಡ್ಡ ಉಪಕಾರ ಮಾಡಿದೆವೆಂದು ಸುಮ್ಮನಾಗುತ್ತಾರೆ. ಮುಂದಿನ ಬೆಂಚು ಕಣ್ಣಿಗೆ ಔಷಧವೇ? ಬಸ್ಸಿನ ಬೋರ್ಡು ಓದಲು, ರಸ್ತೆ ದಾಟಲು, ಎದುರಿಗೆ ಬರುವವನು ಯಾರೆಂದು ಗುರುತಿಸಲು ಮುಂದಿನ ಬೆಂಚು ಜೊತೆಗೆ ಬರುತ್ತದೆಯೇ? ಆ ಹುಡುಗಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಳು. ಅದೇ ವರ್ಷ ಲಗ್ನವೂ ಆಯಿತು. ಅವಳ ತಮ್ಮ ಎರಡು ವರ್ಷದ ನಂತರ ಅದೇ ಎಂಟನೆಯ ಇಯತ್ತೆಗೆ ಬಂದ. ಅವನ ಮೂಗಿನ ಮೇಲೆ ಹೊಚ್ಚ ಹೊಸ ಚಾಳೀಸು ಇತ್ತು. ಒಂದೇ ಮನೆ, ಒಂದೇ ಅವ್ವ, ಒಂದೇ ತರಹದ ಕಣ್ಣು. ಹುಡುಗ ಚಾಳೀಸು ಹಾಕಿದರೆ ಶಾಣ್ಯಾ. ಹುಡುಗಿ ಹಾಕಿದರೆ ಸೋಡಾಬುಡ್ಡಿ. ಇದು ಯಾವ ನ್ಯಾಯ, ನೀವೇ ಹೇಳಿ.

ಚಾಳೀಸು ಬೇಡವೆನ್ನುವವರ ಬಳಿ ಕಾರಣಗಳಿಗೆ ಬರವಿಲ್ಲ. "ಒಮ್ಮೆ ಹಾಕಿದರೆ ನಂಬರು ಏರುತ್ತಲೇ ಹೋಗುತ್ತದೆ" ಎಂಬುದು ಮೊದಲನೆಯದು. ಬೆಳೆಯುವ ಮಕ್ಕಳಲ್ಲಿ ದೇಹ ಬೆಳೆದಂತೆ ಕಣ್ಣಿನ ಗುಡ್ಡೆಯೂ ಬೆಳೆಯುತ್ತದೆ. ಅದು ಬೇಕಾದ್ದಕ್ಕಿಂತ ಉದ್ದವಾದರೆ ದೂರದ್ದು ಮಸುಕಾಗುತ್ತದೆ. ಇನ್ನೂ ಉದ್ದವಾದರೆ ನಂಬರು ಏರುತ್ತದೆ. ಚಾಳೀಸು ಹಾಕಿದರೂ ಏರುವುದು ಏರುತ್ತದೆ, ಬಿಟ್ಟರೂ ಏರುತ್ತದೆ. ಕಾಲು ಬೆಳೆದದ್ದಕ್ಕೆ ಚಪ್ಪಲಿಯನ್ನು ಬೈದಂತಾಯಿತು ಈ ಮಾತು. "ಗಜ್ಜರಿ ತಿನ್ನಿಸಿದರೆ ಚಾಳೀಸು ಬಿಡಬಹುದು" ಎಂಬುದು ಎರಡನೆಯದು. ಗಜ್ಜರಿ, ಪಪ್ಪಾಯಿ, ನುಗ್ಗೆ ಸೊಪ್ಪು ತಿನ್ನಿಸಿ, ಖಂಡಿತ ತಿನ್ನಿಸಿ. 'ಎ' ಜೀವಸತ್ವ ಕಡಿಮೆಯಾದರೆ ಇರುಳುಗಣ್ಣು ಬರುತ್ತದೆ, ಆ ಕೊರತೆ ಹೆಚ್ಚಾದರೆ ಕಣ್ಣೇ ಹೋಗುತ್ತದೆ. ಆದರೆ ಉದ್ದವಾದ ಗುಡ್ಡೆಯನ್ನು ಗಿಡ್ಡ ಮಾಡುವ ಗಜ್ಜರಿ ಯಾವ ಸಂತೆಯಲ್ಲಿಯೂ ಸಿಗುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು: "ಮೆಳ್ಳೆಗಣ್ಣು ಅದೃಷ್ಟ, ಮುಟ್ಟಬಾರದು." ಮಗುವಿನ ಒಂದು ಕಣ್ಣು ವಾರೆಯಾಗಿದ್ದರೆ ಮಿದುಳು ಆ ಕಣ್ಣು ಕಳಿಸಿದ ಚಿತ್ರವನ್ನು ಪಕ್ಕಕ್ಕೆ ಸರಿಸುತ್ತ ಹೋಗುತ್ತದೆ, ಬಳಕೆಯಿಲ್ಲದೆ ಆ ಕಣ್ಣು ಸೋಮಾರಿಯಾಗುತ್ತದೆ. ಎರಡು ಕಣ್ಣಿನ ನಂಬರಿನಲ್ಲಿ ದೊಡ್ಡ ಅಂತರವಿದ್ದರೂ ಹೀಗೆಯೇ. ಏಳೆಂಟು ವರ್ಷದ ಒಳಗೆ ಚಾಳೀಸು ಕೊಟ್ಟು, ಒಳ್ಳೆಯ ಕಣ್ಣಿಗೆ ದಿನಕ್ಕಿಷ್ಟು ಹೊತ್ತು ಪಟ್ಟಿ ಹಾಕಿ, ಸೋಮಾರಿ ಕಣ್ಣನ್ನು ದುಡಿಸಿದರೆ ಬಹಳ ಮಕ್ಕಳಲ್ಲಿ ದೃಷ್ಟಿ ಸುಧಾರಿಸುತ್ತದೆ. ದಿನ ದೂಡಿದಷ್ಟೂ ಕಷ್ಟ. ಅದೃಷ್ಟ ಅದೃಷ್ಟ ಎಂದು ಕೂತು, ಲಗ್ನದ ವಯಸ್ಸಿಗೆ ಆಪರೇಷನ್ ಮಾಡಿಸುತ್ತಾರೆ. ಕಣ್ಣು ನೆಟ್ಟಗಾಗುತ್ತದೆ, ನೋಟ ಬರುವುದಿಲ್ಲ. ಅಲ್ಲಿಯೂ ನೋಡುವವರ ಚಿಂತೆಯೇ ಹೊರತು ಹುಡುಗಿಯ ನೋಟದ ಚಿಂತೆಯಿಲ್ಲ.

ತಾಯಂದಿರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಗೋಡೆಯ ಕ್ಯಾಲೆಂಡರಿನ ಎದುರು ಮಗುವನ್ನು ಹತ್ತು ಹೆಜ್ಜೆ ದೂರ ನಿಲ್ಲಿಸಿ, ಒಂದು ಕಣ್ಣು ಅಂಗೈಯಿಂದ ಮುಚ್ಚಿಸಿ ತಾರೀಖು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ಕಣ್ಣು ತೆರೆದಿದ್ದಾಗ ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಗುಟ್ಟನ್ನು ಕಾಯುತ್ತದೆ; ಮುಚ್ಚಿದಾಗಲೇ ಅದು ಬಯಲಾಗುವುದು. ಇದರಿಂದ ಡಾಕ್ಟರ ಪರೀಕ್ಷೆ ತಪ್ಪುವುದಿಲ್ಲ. ಡಾಕ್ಟರ ಹತ್ತಿರ ಬೇಗ ಹೋಗುವಂತೆ ಆಗುತ್ತದೆ ಅಷ್ಟೆ. ಕಣ್ಣು ಕೆಂಪಾದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಿ ಹನಿ ತಂದು ತಿಂಗಳುಗಟ್ಟಲೆ ಹಾಕುವ ಚಟವನ್ನೂ ಬಿಡಿ. ಅಂಥ ಕೆಲವು ಹನಿಗಳಲ್ಲಿ ಸ್ಟೆರಾಯ್ಡ್ ಇರುತ್ತದೆ. ಉರಿ, ತುರಿಕೆ ಥಟ್ಟನೆ ನಿಲ್ಲುತ್ತದೆ. ಒಳಗೆ ಕಣ್ಣಿನ ಒತ್ತಡ ಏರಿ ನರ ಹಾಳಾಗುತ್ತದೆ.

ಇನ್ನು ನಾವು ಶಾಲೆಯವರು. ಆಟದ ಪೀರಿಯಡ್ಡನ್ನು ಕಸಿದು ಗಣಿತಕ್ಕೆ, ಇಂಗ್ಲಿಷಿಗೆ ಕೊಟ್ಟ ಪಾಪದಲ್ಲಿ ನನಗೂ ಪಾಲಿದೆ. ಮಕ್ಕಳು ದಿನಕ್ಕೆ ಎರಡು ತಾಸಾದರೂ ಬಯಲ ಬೆಳಕಿನಲ್ಲಿ ಇದ್ದರೆ ದೂರದ್ದು ಮಸುಕಾಗುವ ದೋಷ ಬರುವ ಸಂಭವ ಕಡಿಮೆ ಎಂದು ಈಗ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ನಾವು ಮಾಡುವುದೇನು? ಮುಂಜಾನೆ ಟ್ಯೂಷನ್, ಹಗಲು ಶಾಲೆ, ಸಂಜೆ ಮತ್ತೆ ಟ್ಯೂಷನ್, ರಾತ್ರಿ ಮೊಬೈಲು. ಗಂಡುಹುಡುಗ ಹೇಗೋ ಗೋಡೆ ಹಾರಿ ಕ್ರಿಕೆಟ್ಟಿಗೆ ಓಡುತ್ತಾನೆ. ಹುಡುಗಿ ದೊಡ್ಡವಳಾದ ದಿನದಿಂದ ಬಿಸಿಲಿಗೇ ಎರವು; ಬಿಸಿಲಿಗೆ ಹೋದರೆ ಮೈಬಣ್ಣ ಕಪ್ಪಾಗುತ್ತದಲ್ಲ! ಅಲ್ಲಿಯೂ ಲಗ್ನವೇ.

ಮಕ್ಕಳ ಮಾತಾಯಿತು. ಮುದುಕಿಯರ ಮಾತು ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ. 2008ರ ಸುಮಾರಿಗೆ ನನ್ನ ಅವ್ವ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ತಂಬಿಗೆ ಒದ್ದು ಉರುಳಿಸುವಳು. "ಪರಿ ಬರಾಕತ್ತೈತಿ, ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮ್ಯಾಲೆ ತಗಸೋಣು" ಎಂದು ಅವಳೇ ತೀರ್ಮಾನ ಮಾಡಿದಳು. ನಮ್ಮ ಕಡೆ ಕಣ್ಣಿನ ಪೊರೆಗೆ ಪರಿ ಎನ್ನುತ್ತಾರೆ. ನಾನು, ಓದಿದವಳು, ಹೌದೆಂದೆ. ಪರೀಕ್ಷೆಯ ಪೇಪರು, ಮಗಳ ಶಾಲೆ, ಅತ್ತೆಯವರ ಕಾಯಿಲೆ. ಹುಬ್ಬಳ್ಳಿಗೆ ಕರೆದುಕೊಂಡು ಹೋಗಲು ಎರಡು ವರ್ಷ ಬಿಡುವಾಗಲಿಲ್ಲ. ಅಲ್ಲಿ ಡಾಕ್ಟರು ನೋಡಿ ಹೇಳಿದರು: ಪೊರೆ ಸ್ವಲ್ಪವೇ ಇದೆ, ನೋಟ ಹೋದದ್ದು ಗ್ಲಾಕೋಮಾದಿಂದ.

ಗ್ಲಾಕೋಮಾ ಬಹುಮಟ್ಟಿಗೆ ನೋವಿಲ್ಲದ ಕಳ್ಳ. ಕಣ್ಣಿನ ನರವನ್ನು ಸವೆಸುತ್ತದೆ. ಮೊದಲು ಅಕ್ಕಪಕ್ಕದ ನೋಟ ಹೋಗುತ್ತದೆ, ನಟ್ಟನಡುವಿನದು ಉಳಿದಿರುತ್ತದೆ. ಆದ್ದರಿಂದಲೇ ಅವ್ವ ಸೂಜಿಗೆ ದಾರ ಪೋಣಿಸುತ್ತಿದ್ದಳು, ಬಾಗಿಲು ಮಾತ್ರ ಬಡಿಯುತ್ತಿತ್ತು. ಪೊರೆಯಿಂದ ಹೋದ ನೋಟ ಆಪರೇಷನ್ನಿನಿಂದ ಮರಳುತ್ತದೆ. ಗ್ಲಾಕೋಮಾದಿಂದ ಹೋದದ್ದು ಮರಳುವುದಿಲ್ಲ. ಉಳಿದದ್ದನ್ನು ಹನಿ ಹಾಕಿ ಕಾಪಾಡಿಕೊಳ್ಳಬೇಕು. ಅವ್ವನಿಗೆ ಉಳಿದದ್ದು ಅಂಗೈಯಗಲ. ಕೊನೆಯ ವರ್ಷಗಳಲ್ಲಿ ಅದೂ ಹೋಯಿತು. ನನ್ನ ಮುಖ ತಡವಿ ತಡವಿ ಮಾತಾಡಿಸುತ್ತಿದ್ದಳು. ಒಮ್ಮೆಯೂ ನನ್ನನ್ನು ದೂರಲಿಲ್ಲ. ಇದು ರಕ್ತಸಂಬಂಧಿಗಳಿಗೆ ಬರುವ ಸಂಭವ ಹೆಚ್ಚು. ಹಾಗಾಗಿ ನಾನೀಗ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ, ನರ ಎರಡನ್ನೂ ತೋರಿಸಿಕೊಂಡು ಬರುತ್ತೇನೆ.

ಪೊರೆ ಹಣ್ಣಾಗಬೇಕೆಂಬುದು ಹಳೆಯ ಕಾಲದ ಮಾತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು (1916–2005) ಊರೂರಿಗೆ ಶಿಬಿರ ಒಯ್ದು ಪೊರೆ ತೆಗೆಯುತ್ತಿದ್ದರು. ಒಂದೇ ದಿನ 833 ಆಪರೇಷನ್ ಮಾಡಿದ ಅವರ ಹೆಸರು ಗಿನ್ನೆಸ್ ಪುಸ್ತಕದಲ್ಲಿ ಬಂದಿತ್ತು. ಆ ಕಾಲದಲ್ಲಿ ಪೊರೆ ತೆಗೆದ ಮೇಲೆ ಬಾಟಲಿಯ ತಳದಂಥ ದಪ್ಪ ಗಾಜು ಹಾಕಬೇಕಾಗುತ್ತಿತ್ತು. ಈಗ ಮಂಜಾದ ಮಸೂರ ತೆಗೆದು ಕಣ್ಣೊಳಗೇ ಹೊಸದನ್ನು ಕೂಡಿಸುತ್ತಾರೆ. ಬಹಳ ಜನ ಅದೇ ದಿನ ಮನೆಗೆ ಬರುತ್ತಾರೆ. ದಿನದ ಕೆಲಸಕ್ಕೆ ತೊಡಕಾಗುವಷ್ಟು ಮಸುಕಾದರೆ ತೆಗೆಸಬಹುದು. ತೀರ ಹಣ್ಣಾಗಲು ಬಿಟ್ಟರೆ ಆಪರೇಷನ್ನೇ ಕಠಿಣವಾಗುತ್ತದೆ, ಕಣ್ಣಿನ ಒತ್ತಡ ಏರಿ ನರಕ್ಕೂ ಅಪಾಯ. ಸಕ್ಕರೆ ಕಾಯಿಲೆ ಇದ್ದವರಂತೂ ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಪರದೆ ತೋರಿಸಲೇಬೇಕು.

ಇಷ್ಟೆಲ್ಲ ಇದ್ದರೂ ಮುದುಕಿಯರು ಯಾಕೆ ಕುರುಡಾಗಿ ಕೂರುತ್ತಾರೆ? ಕೇಳಿ ನೋಡಿ. "ನನಗ್ಯಾಕವಾ ಈ ವಯಸ್ಸಿನಾಗ? ನಾ ಏನ ಪೇಪರ ಓದಬೇಕ?" ಎನ್ನುತ್ತಾರೆ. ಮನೆಯವರಿಗೆ ಅಷ್ಟೇ ಸಾಕು. ಮುದುಕನ ಕಣ್ಣು ಮಸುಕಾದರೆ ಹೊಲದ ಲೆಕ್ಕ ತಪ್ಪುತ್ತದೆ ಎಂದು ಗಾಡಿ ಕಟ್ಟುತ್ತಾರೆ. ಮುದುಕಿ ತಡವುತ್ತ ರೊಟ್ಟಿ ಬಡಿದರೂ ರೊಟ್ಟಿಯೇನೂ ತಪ್ಪುವುದಿಲ್ಲವಲ್ಲ! ಜಗತ್ತಿನಲ್ಲಿ ದೃಷ್ಟಿ ಕಳೆದುಕೊಂಡವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಹೆಂಗಸರ ಆಯುಷ್ಯ ಹೆಚ್ಚೆಂಬುದು ಅದಕ್ಕೊಂದು ಕಾರಣ. ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರು ಕಡಿಮೆ ಎಂಬುದು ಇನ್ನೊಂದು.

ಸರಕಾರ ಏನೂ ಮಾಡಿಲ್ಲ ಎನ್ನುವ ಹಾಗೂ ಇಲ್ಲ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಶುರುವಾದದ್ದು 1976ರಲ್ಲಿ. ನಮ್ಮ ರಾಜ್ಯ 2023ರಲ್ಲಿ 'ಆಶಾಕಿರಣ' ಎಂಬ ಯೋಜನೆ ತಂದು, ಮನೆಮನೆಗೆ ಹೋಗಿ ಕಣ್ಣು ನೋಡಿ ಪುಕ್ಕಟೆ ಕನ್ನಡಕ ಕೊಟ್ಟಿತು. ಹೀಗೆ ಪುಕ್ಕಟೆ ಬಂದ ಚಾಳೀಸುಗಳನ್ನು ನಾನು ಕಂಡದ್ದು ಎಲ್ಲಿ ಗೊತ್ತೇ? ಹುಡುಗಿಯರ ದಪ್ತರದ ತಳದಲ್ಲಿ, ಮುದುಕಿಯರ ಟ್ರಂಕಿನಲ್ಲಿ. ಸರಕಾರ ಮೂಗಿನವರೆಗೆ ತರಬಹುದು. ಮೂಗಿನ ಮೇಲೆ ಇರಿಸಿಕೊಳ್ಳುವ ಧೈರ್ಯವನ್ನು ಮನೆಯವರು ಕೊಡಬೇಕು.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ಈ ಪುಸ್ತಕವನ್ನು ಎಷ್ಟು ದೂರ ಹಿಡಿದಿದ್ದೀರಿ? ನಲವತ್ತು ದಾಟಿ, ತೋಳು ಪೂರ್ತಿ ಚಾಚಿದ್ದೀರಾದರೆ ನಿಮಗೂ ಚಾಳೀಸು ಬೇಕು. ಹಿಂದಿಯ, ಮರಾಠಿಯ 'ಚಾಳೀಸ' ಎಂದರೆ ನಲವತ್ತು ಎಂದೇ ಅರ್ಥ. ಆ ವಯಸ್ಸಿಗೆ ಎಲ್ಲರಿಗೂ ಬೇಕಾಗುವುದೆಂದೇ ಹಿರಿಯರು ಅದಕ್ಕೆ ಆ ಹೆಸರಿಟ್ಟರು. ಗಂಡನ ಚಾಳೀಸು ಎರವಲು ಪಡೆದು ಅಕ್ಕಿ ಆರಿಸುವುದನ್ನು ಬಿಟ್ಟು, ನಿಮ್ಮದೇ ಒಂದು ಮಾಡಿಸಿಕೊಳ್ಳಿ. ಅವ್ವ ಮೂಗಿನ ಮೇಲೆ ಹೆಮ್ಮೆಯಿಂದ ಹಾಕಿಕೊಂಡರೆ ಮಗಳು ದಪ್ತರದಲ್ಲಿ ಬಚ್ಚಿಡುವುದಿಲ್ಲ.

ಕಳೆದ ವರ್ಷ ನನ್ನ ಅಣ್ಣನ ಮಗನಿಗೆ ಕನ್ಯಾ ನೋಡಲು ಹೋಗಿದ್ದೆವು. ಹುಡುಗಿ ಚಹಾ ತಂದಳು. ಮೂಗಿನ ಎರಡೂ ಬದಿಗೆ ಚಾಳೀಸು ಒತ್ತಿದ ಗುರುತು ನನಗೆ ಕಂಡಿತು. "ತಂಗಿ, ನಿನ್ನ ಚಾಳೀಸು ಹಾಕ್ಕೊಂಡು ಬಾ. ನಮ್ಮ ಹುಡುಗನ್ನ ಸರಿಯಾಗಿ ನೋಡು" ಎಂದೆ. ಒಳಗೆ ಪಿಸುಪಿಸು ನಡೆಯಿತು. ಅವಳು ಹಾಕಿಕೊಂಡು ಬಂದಳು, ಕುಳಿತಳು, ತಲೆಯೆತ್ತಿ ನೋಡಿದಳು. ಎಂಟು ದಿನದ ಮೇಲೆ ಹುಡುಗ ಒಪ್ಪಿಗೆಯಾಗಲಿಲ್ಲವೆಂದು ಅವರ ಮನೆಯಿಂದ ಹೇಳಿ ಕಳಿಸಿದರು. "ಎಲ್ಲಾ ನಿನ್ನಿಂದ ಆತು" ಎಂದು ಅಣ್ಣ ಇನ್ನೂ ಸಿಟ್ಟಿನಲ್ಲಿದ್ದಾನೆ. ಇರಲಿ. ನೋಡಿದ ಮೇಲೆ ಬೇಡವೆಂದಳಲ್ಲ, ನನಗೆ ಅಷ್ಟೇ ಸಾಕು.