ಮೇವು ಕತ್ತರಿಸುವ ಯಂತ್ರವೂ ನಮ್ಮ ಕೈಬೆರಳುಗಳೂ

ಹುಣಸೂರು ಸೀಮೆಯಲ್ಲಿ ನಾವು ವೈದ್ಯವೃತ್ತಿಯನ್ನು ಆರಂಭಿಸಿದ ಕಾಲದಲ್ಲಿ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಗಾಯಗಳು ಬಹುಪಾಲು ಕುಡುಗೋಲು, ಮಚ್ಚು, ಕೊಡಲಿಗಳಿಂದ ಆದವು. ಈಗ ಹಾಗಿಲ್ಲ. ಸೀಮೆಹಸು ಕಟ್ಟಿದ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರ ಬಂದಿದೆ. ಕಬ್ಬಿಣ ಕೊಯ್ಯುವ ಗ್ರೈಂಡರ್, ಗೋಡೆ ಕೊರೆಯುವ ಡ್ರಿಲ್ಲಿಂಗ್ ಮಷಿನ್‌ಗಳು ಜಗುಲಿಯ ಮೂಲೆಗೆ ಬಂದಿವೆ. ಶ್ರಮ ಕಡಿಮೆಯಾಯಿತು, ಅದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಯಂತ್ರ ಬಂದ ವೇಗದಲ್ಲಿ ಅದನ್ನು ಬಳಸುವ ತಿಳಿವಳಿಕೆ ಬರಲಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಸುಶ್ರುತಾಚಾರ್ಯರು ಆಗಂತುಕ ಗಾಯಗಳನ್ನು ಛಿನ್ನ, ಭಿನ್ನ, ವಿದ್ಧ, ಕ್ಷತ, ಪಿಚ್ಚಿತ, ಘೃಷ್ಟವೆಂದು ಆರು ಬಗೆಯಾಗಿ ವಿಂಗಡಿಸಿದ್ದಾರೆ. ಛಿನ್ನವೆಂದರೆ ಕತ್ತರಿಸಿದ್ದು, ಪಿಚ್ಚಿತವೆಂದರೆ ಜಜ್ಜಿದ್ದು. ಕುಡುಗೋಲಿನ ಗಾಯ ಛಿನ್ನ. ಮೇವಿನ ಯಂತ್ರವಾದರೋ ಮೊದಲು ಉರುಳೆಗಳ ನಡುವೆ ಕೈಯನ್ನು ಎಳೆದು ಜಜ್ಜುತ್ತದೆ, ಅನಂತರ ಬ್ಲೇಡಿನಿಂದ ತುಂಡರಿಸುತ್ತದೆ. ಶುಭ್ರವಾಗಿ ಕತ್ತರಿಸಿದ ಬೆರಳನ್ನು ಶಸ್ತ್ರವೈದ್ಯರು ಮರಳಿ ಜೋಡಿಸಬಹುದು. ಜಜ್ಜಿದ ಬೆರಳಿನ ರಕ್ತನಾಳಗಳನ್ನು ಕೂಡಿಸುವುದು ಬಹಳ ಕಷ್ಟ. ಆದುದರಿಂದಲೇ ಈ ಯಂತ್ರವನ್ನು ಕುರಿತು ಹೆಚ್ಚು ಬರೆಯುತ್ತಿದ್ದೇವೆ.

ಪಿರಿಯಾಪಟ್ಟಣ ಕಡೆಯ ಒಬ್ಬ ತಾಯಿ ಬಲಗೈಗೆ ಸೀರೆಯ ತುಂಡನ್ನು ಸುತ್ತಿಕೊಂಡು ನಮ್ಮಲ್ಲಿಗೆ ಬಂದಿದ್ದರು. ಹೊಗೆಸೊಪ್ಪು ಬೇಯಿಸುವ ದಿನಗಳು. ರಾತ್ರಿಯೆಲ್ಲ ಬ್ಯಾರನ್ನಿಗೆ ಸೌದೆ ಹಾಕಿ, ಬೆಳಗಿನ ಜಾವ ಹಾಲು ಕರೆಯುವ ಮುನ್ನ ಜೋಳದ ಕಡ್ಡಿ ಕತ್ತರಿಸಲು ಹೋಗಿದ್ದಾರೆ. ನಡುವೆ ಕರೆಂಟು ಹೋಯಿತು. ಯಂತ್ರದ ಬಾಯಲ್ಲಿ ಸಿಕ್ಕಿಕೊಂಡಿದ್ದ ಕಡ್ಡಿಯನ್ನು ಎಳೆಯೋಣವೆಂದು ಕೈಯಿಟ್ಟರು. ಅದೇ ಗಳಿಗೆಯಲ್ಲಿ ಕರೆಂಟು ಬಂತು. “ನಿಂತೇ ಇತ್ತಲ್ಲ ಬುದ್ಧಿ, ಅದಕ್ಕೇ ಕೈ ಹಾಕಿದೆ” ಎಂದು ಅವರು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಎರಡು ಬೆರಳು ಹೋದವು. ಅವು ಮೇವಿನ ರಾಶಿಯಲ್ಲೇ ಉಳಿದಿದ್ದವು. ಹುಡುಕಿ ತರಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿ ತಪ್ಪು ಆ ತಾಯಿಯದೆಂದು ನಾವು ಹೇಳಲಾರೆವು. ಆಹಾರದಂತೆಯೇ ನಿದ್ರೆಯೂ ಶರೀರದ ಉಪಸ್ತಂಭವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ನಿದ್ದೆಗೆಟ್ಟ ಕಣ್ಣಿಗೆ ಯಂತ್ರ ನಿಂತಿದೆಯೋ ಕಾಯುತ್ತಿದೆಯೋ ತಿಳಿಯದು. ಬೆರಳುಗಳನ್ನು ಉಳಿಸಬಹುದಾಗಿದ್ದುದು ಎರಡು ಸಣ್ಣ ಸಂಗತಿಗಳು. ಕರೆಂಟು ಹೋದೊಡನೆ ಸ್ವಿಚ್ ಆರಿಸಿ ಪ್ಲಗ್ಗನ್ನೇ ಕಿತ್ತಿಡುವುದು ಒಂದು. ಕರೆಂಟು ಮರಳಿದರೂ ಗುಂಡಿ ಒತ್ತುವವರೆಗೆ ಚಾಲೂ ಆಗದಂತಹ ಸ್ಟಾರ್ಟರನ್ನು ಅಳವಡಿಸುವುದು ಇನ್ನೊಂದು. ಕೆಲವು ಮನೆಗಳಲ್ಲಿ ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರನ್ನೇ ಮೇವಿನ ಯಂತ್ರಕ್ಕೂ ಜೋಡಿಸಿರುವುದನ್ನು ಕಂಡು ನಾವು ಬೆಚ್ಚಿದ್ದೇವೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಚಕ್ರ ಕೆಲವು ಸುತ್ತು ತಿರುಗುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕಾಯಬೇಕು. ಗಿಡ್ಡನೆಯ ಮೇವನ್ನು ಕೈಯಿಂದ ತಳ್ಳದೆ ಕೋಲಿನಿಂದ ತಳ್ಳಬೇಕು. ಸೆರಗನ್ನು ಬಿಗಿಯಾಗಿ ಕಟ್ಟಿ, ಜಡೆಯನ್ನು ಮೇಲೆತ್ತಿ, ಬಳೆಗಳನ್ನು ತೆಗೆದಿಟ್ಟೇ ಯಂತ್ರದ ಮುಂದೆ ನಿಲ್ಲಬೇಕು.

ಒಕ್ಕಣೆ ಯಂತ್ರಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ 1983ರಲ್ಲಿಯೇ ಬಂದಿದೆ. ಕಾಯ್ದೆ ಇದ್ದರೇನು, ಯಂತ್ರವನ್ನು ಟೆಂಪೋದಿಂದ ಇಳಿಸಿ ಸಹಿ ಹಾಕಿಸಿಕೊಂಡು ಹೋಗುವವರು ರಕ್ಷಣಾ ಕವಚವನ್ನು ತೋರಿಸುವುದಿಲ್ಲ. ತೋರಿಸಿದರೂ ಮನೆಯ ಗಂಡಸರಿಗೆ ತೋರಿಸುತ್ತಾರೆ. ದಿನವೂ ಯಂತ್ರವನ್ನು ನಡೆಸುವವರು ಹೆಂಗಸರು, ರಜಾದಿನಗಳಲ್ಲಿ ಮಕ್ಕಳು. ಊರಿನ ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ಹಾಲು ಹಾಕಲು ಬರುವ ಹೆಣ್ಣುಮಕ್ಕಳಿಗೇ ಯಂತ್ರವನ್ನು ನಿಲ್ಲಿಸಿ, ತೆರೆದು, ಕಲಿಸುವ ಏರ್ಪಾಡು ಆಗಬೇಕೆಂಬುದು ನಮ್ಮ ಒತ್ತಾಯ.

ಗ್ರೈಂಡರಿನ ಮಾತನ್ನೂ ಹೇಳಬೇಕು. ನಾಲ್ಕು ಇಂಚಿನ ಆ ಚಿಕ್ಕ ಯಂತ್ರದ ಬಿಲ್ಲೆ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅಡ್ಡ ಬರುತ್ತದೆಂದು ಅದರ ಕವಚವನ್ನು ಬಿಚ್ಚಿಡುವುದೂ ಮರ ಕೊಯ್ಯಲು ಹಲ್ಲಿನ ಬ್ಲೇಡನ್ನು ತೊಡಿಸುವುದೂ ನಮ್ಮಲ್ಲಿ ಸಾಮಾನ್ಯ, ಇವೆರಡೂ ಕೂಡದು. ಬಿಲ್ಲೆಯ ಮೇಲೆ ವೇಗದ ಮಿತಿಯೂ ವಾಯಿದೆಯ ದಿನಾಂಕವೂ ಮುದ್ರಿತವಾಗಿರುತ್ತವೆ. ಕಣ್ಣಿಗೆ ಕಿಡಿ ಬಿದ್ದರೆ ಸೆರಗಿನ ತುದಿಯಿಂದ ತೆಗೆಯುವುದು, ಹರಳೆಣ್ಣೆ ಬಿಡುವುದು ಬೇಡ. ಉಜ್ಜದೆ ನೇತ್ರವೈದ್ಯರಲ್ಲಿಗೆ ಹೋಗಬೇಕು. ನಾವೇ ಒಮ್ಮೆ ಕನ್ನಡಕವಿಲ್ಲದೆ ಗೋಡೆ ಕೊರೆಯಲು ಹೋಗಿ ಎರಡು ದಿನ ಕಣ್ಣು ಕಟ್ಟಿಕೊಂಡು ಕುಳಿತವರು. ರೋಗಿಗಳ ಮುಂದೆ ಅದೊಂದು ಮುಜುಗರ.

ಕೊಟ್ಟಿಗೆಯ ನೆಲ ಸದಾ ಒದ್ದೆ. ಅಲ್ಲಿ ಪ್ಲಗ್ಗಿಲ್ಲದೆ ಬರಿಯ ತಂತಿಯನ್ನು ಸಾಕೆಟ್ಟಿಗೆ ಸಿಕ್ಕಿಸಿ, ಬೆಂಕಿಕಡ್ಡಿ ಚುಚ್ಚಿ ಬಿಗಿ ಮಾಡುವ ರೂಢಿಯನ್ನು ಕಂಡಾಗ ನಮ್ಮ ಎದೆ ನಡುಗುತ್ತದೆ. ಎಂಸಿಬಿ ಇದೆಯೆಂದು ಧೈರ್ಯ ತಾಳಬೇಡಿ. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್. ಶಾಕ್ ಹೊಡೆದವರನ್ನು ಮರಳಿನಲ್ಲಿ ಹೂಳುವುದು ಮೂಢತನ. ಮೊದಲು ಮೇನ್ ಆರಿಸಿ. ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿ, ನೆರವು ಬರುವವರೆಗೆ ಎದೆಯ ನಡುವೆ ನಿಮಿಷಕ್ಕೆ ನೂರಕ್ಕೂ ಮಿಕ್ಕಿ ಒತ್ತುತ್ತಿರಿ.

ಬೆರಳು ತುಂಡಾದರೆ ಏನು ಮಾಡಬೇಕು? ಶುಭ್ರವಾದ ಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿರಿಸಿ. ಕಾಫಿಪುಡಿ, ಸುಣ್ಣ ಬೇಡ. ಅರಿಶಿನವೂ ಬೇಡ; ಅದರ ವ್ರಣರೋಪಣ ಗುಣವನ್ನು ಬಲ್ಲ ನಾವೇ ಇದನ್ನು ಹೇಳುತ್ತಿದ್ದೇವೆ, ಅಡುಗೆಮನೆಯ ಪುಡಿ ಆಳವಾದ ಹಸಿಗಾಯಕ್ಕೆ ತಕ್ಕುದಲ್ಲ. ತುಂಡಾದ ಬೆರಳನ್ನು ಹುಡುಕಿ, ಶುದ್ಧ ನೀರಿನಲ್ಲಿ ತೇವಗೊಳಿಸಿದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಯಿ ಕಟ್ಟಿ, ಆ ಕವರನ್ನು ಐಸಿನ ಮೇಲಿಡಿ. ಬೆರಳು ನೇರವಾಗಿ ಐಸಿಗೆ ತಾಗಬಾರದು. ಹೀಗೆ ತಂಪಾಗಿಟ್ಟ ಬೆರಳಿಗೆ ಹಲವು ಗಂಟೆಗಳ ಅವಕಾಶವಿರುತ್ತದೆ. ಮುಂಗೈಯೇ ತುಂಡಾಗಿದ್ದರೆ ಆ ಅವಧಿ ಬಹಳ ಕಡಿಮೆ. ಹುಣಸೂರಿನಿಂದ ಮೈಸೂರು ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಸುಮಾರು 70. ಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆಯ ಕಡೆಯವರಿಗೆ ಇನ್ನೂ ದೂರ. ಹೊರಡುವ ಮುನ್ನವೇ ಬೆರಳು ಜೋಡಿಸುವ ಶಸ್ತ್ರವೈದ್ಯರು ಎಲ್ಲಿದ್ದಾರೆಂದು ಫೋನಿನಲ್ಲಿ ವಿಚಾರಿಸಿಕೊಂಡು, ನೇರವಾಗಿ ಅಲ್ಲಿಗೇ ಹೋಗಿ. ನಮ್ಮಂತಹವರ ಚಿಕಿತ್ಸಾಲಯದ ಬಾಗಿಲಲ್ಲಿ ನಿಂತು ಹೊತ್ತು ಕಳೆಯಬೇಡಿ.